ಮಾಳಿಗೆಯ ಮೇಲಿನ ಸಿರುಗುಪ್ಪ ಪ್ಯಾಸೆಂಜರ್

ಅವರ ಹೆಸರನ್ನು ನಾನು ಬರೆಯುವಂತಿಲ್ಲ. ಅದು ಅವರೇ ಹಾಕಿದ ಕರಾರು. ನನಗೆ ಡೈರಿ ಬರೆಯುವ ಚಟವಿದೆ ಎಂದು ತಿಳಿದ ದಿನ ಮಾಳಿಗೆಯ ಮೆಟ್ಟಿಲ ಮೇಲೆ ನಿಂತು, "ಏನ್ ಬೇಕಾದ್ರೂ ಬರಕೋ. ಗಾಡಿ ಹಳಿ ತಪ್ಪಿದ್ದು ಬರಕೋ, ನಾ ಬೈದಿದ್ದು ಬರಕೋ. ಹೆಸರು ಮಾತ್ರ ಹಾಕಬ್ಯಾಡ. ಯಾರರ ಕೇಳಿದ್ರ ರಾಂಗ್ ನಂಬರ್ ಅನ್ನು" ಎಂದಿದ್ದರು. ಟೆಲಿಫೋನ್ ಇಲಾಖೆಯಲ್ಲಿ ಆಯುಷ್ಯ ಸವೆಸಿದ ಮನುಷ್ಯ ತನಗೆ ತಾನೇ ಕೊಟ್ಟುಕೊಂಡ ಹೆಸರು ಅದು. ನನ್ನ ಡೈರಿಗಳ ತುಂಬ ಅವರು 'ರಾಂ. ನಂ.' ಆಗಿಯೇ ಓಡಾಡುತ್ತಾರೆ.

ಈ ಸಲ ಹೋಳಿಯ ಬಣ್ಣ ಓಣಿಯ ಗೋಡೆಗಳಿಂದ ಹೋಗುವ ಮುಂಚೆ ಅವರು ತೀರಿಹೋದರು. ಮೊನ್ನೆ ನಾಗರ ಪಂಚಮಿ ಬಂತು. ಅದರ ಹಿಂದಿನ ದಿನ ಅವರ ಮನೆಯ ಗೇಟಿನ ಮುಂದೆ ನಡೆದದ್ದನ್ನು ಬರೆದಿಡಬೇಕೆಂದು ಕೂತೆ. ಅದು ಎರಡು ಸಾಲಿನ ಸಂಗತಿ. ಆದರೆ ಹಿಂದಿನದನ್ನು ಹೇಳದೆ ಆ ಎರಡು ಸಾಲು ಯಾರಿಗೂ ತಿಳಿಯುವುದಿಲ್ಲ.

ನಾನು ಕುರುಗೋಡಿನವನು. ಬಳ್ಳಾರಿಯ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಾಗ ಪಾರ್ವತಿನಗರದ ಅವರ ಮನೆಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದೆ. ಅದಿರಿನ ಅಬ್ಬರ ಏರುತ್ತಿದ್ದ ಕಾಲ. ಹಗಲೆಲ್ಲ ಲಾರಿ ಬಂದದ್ದು, ಲಾರಿ ಹೋದದ್ದು ಬರೆದೂ ಬರೆದೂ ಮನೆಗೆ ಬಂದರೂ ಕೈ ನಿಲ್ಲುತ್ತಿರಲಿಲ್ಲ. ಅದಕ್ಕೇ ಈ ಡೈರಿ. ಊರಿನ ಬಿಳಿ ಅಂಗಿಗಳೆಲ್ಲ ಎಷ್ಟು ಒಗೆದರೂ ಇಟ್ಟಿಗೆಯ ಬಣ್ಣ ಬಿಡುತ್ತಿರಲಿಲ್ಲ. ಸಾಮಾನು ಇಳಿಸಿದ ಮೊದಲ ಸಂಜೆ ನನ್ನ ನೆತ್ತಿಯ ಮೇಲೆ, ಛಾವಣಿಯಲ್ಲಿ, ಸಣ್ಣಗೆ ಗಡಗಡ ಸದ್ದು ಶುರುವಾಯಿತು. ಒಂದು ಮೂಲೆಯಿಂದ ಹೊರಟು ಇನ್ನೊಂದು ಮೂಲೆಗೆ ಹೋಗಿ ಕಿರ್ ಎಂದು ತಿರುಗುತ್ತಿತ್ತು. ಇಲಿ ಎಂದುಕೊಂಡು ಪರದೆಯ ಕೋಲು ಹಿಡಿದು ಮಾಳಿಗೆ ಹತ್ತಿದೆ. ಮೇಲಿನ ಕೋಣೆಯ ಬಾಗಿಲಲ್ಲಿ ಬನಿಯನ್ ತೊಟ್ಟು, ಕಿವಿಯ ಸಂದಿಯಲ್ಲಿ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಮನೆ ಮಾಲೀಕರು ನಿಂತಿದ್ದರು.

"ಕೋಲು ಇಡಪಾ. ಇಲಿ ಅಲ್ಲ, ಸಿರುಗುಪ್ಪ ಪ್ಯಾಸೆಂಜರು."

"ಸಿರುಗುಪ್ಪಕ್ಕ ರೈಲು ಇಲ್ಲಲ್ರೀ?"

"ಕೆಳಗ ಇಲ್ಲ. ಮ್ಯಾಲ ಐತಿ. ಚಪ್ಪಲಿ ಬಿಟ್ಟು ಒಳಗ ಬಾ."

ಒಳಗೆ ಸೊಂಟದೆತ್ತರದ ಹಲಗೆಗಳ ಮೇಲೆ ಬಳ್ಳಾರಿ ಇತ್ತು. ಗುಂಡು ಗುಡ್ಡ, ಅದರ ಮೇಲೆ ರಟ್ಟಿನ ಕೋಟೆ, ಕೆಳಗೆ ಸ್ಟೇಷನ್ನು, ಬೆಂಕಿಪೊಟ್ಟಣದಷ್ಟು ಬೋಗಿಗಳು. ಹಳಿ ಎರಡು ಹಲಗೆ ದಾಟಿ ಗೋಡೆಗೆ ಮುಟ್ಟುವಷ್ಟರಲ್ಲಿ ನಿಂತುಹೋಗಿತ್ತು. ಪ್ಯಾಸೆಂಜರ್ ಗಾಡಿ ಗೋಡೆಯ ತನಕ ಹೋಗಿ ಹಿಮ್ಮುಖವಾಗಿ ವಾಪಸು ಬರುತ್ತಿತ್ತು.

"ಸಿರುಗುಪ್ಪ ಎಲ್ಲೈತ್ರೀ?" ಎಂದೆ.

"ಸಿರುಗುಪ್ಪ ಇನ್ನಾ ಸಿರುಗುಪ್ಪದಾಗ ಐತಿ. ನನ್ನ ಬಾಮೈದ ಕಟ್ಟಾಕತ್ಯಾನ. ನೀ ಯಾವೂರು?"

"ಕುರುಗೋಡು ರೀ."

ಗೋಡೆಯ ಪಕ್ಕದ ಹೆಸರಿಲ್ಲದ ಸ್ಟೇಷನ್ನಿನ ಮುಂದೆ ಅವರು ಒಂದು ಕ್ಷಣ ಯೋಚಿಸಿ, ಪೆನ್ಸಿಲಿನಿಂದ 'ಕುರುಗೋಡು' ಎಂದು ಬರೆದರು. "ಲೈನು ಸ್ವಲ್ಪ ಸೊಟ್ಟ ಆಗ್ತೈತಿ. ಇರ್ಲಿ. ಬಾಡಿಗಿ ತಪ್ಪದಂಗ ಕೊಡು, ಇಲ್ಲಂದ್ರ ಗಾಡಿ ನಿಲ್ಲಸೋದಿಲ್ಲ." ಹೀಗೆ ನಮ್ಮೂರಿಗೆ ರೈಲು ಬಂತು. ಊರಿಗೆ ಹೋದಾಗಲೆಲ್ಲ ಗುಡ್ಡದ ಬುಡದಿಂದ ಚೀಲದ ತುಂಬ ಕಲ್ಲು ಹೊತ್ತು ತರುವ ಕೆಲಸವೂ ಬಂತು. ಕುರುಗೋಡಿನ ಗುಡ್ಡಕ್ಕೆ ಬೇರೆ ಊರಿನ ಕಲ್ಲು ಅವರು ಒಪ್ಪುತ್ತಿರಲಿಲ್ಲ. ಬಸ್ಸಿನ ಕಂಡಕ್ಟರು ಚೀಲ ಎತ್ತಿ ನೋಡಿ, "ಊರಾಗ ಬ್ಯಾರೆ ಏನೂ ಸಿಗಲಿಲ್ಲೇನಪಾ" ಎಂದು ಕೇಳಿದ್ದನ್ನು ಬರೆದುಕೊಂಡಿದ್ದೇನೆ.

ಎದುರಿಗೆ ನಾನು ಅವರನ್ನು ಸಾಹೇಬರು ಎನ್ನುತ್ತಿದ್ದೆ. ಸಾಹೇಬರು ಇಲಾಖೆಗೆ ಸೇರಿದ್ದು ಟ್ರಂಕ್ ಬೋರ್ಡಿನ ಆಪರೇಟರ್ ಆಗಿ. ಒಂದೂರಿನಿಂದ ಇನ್ನೊಂದೂರಿಗೆ ಫೋನು ಮಾಡಬೇಕಾದರೆ ಆಪರೇಟರನ್ನು ಕೇಳಿ ಗಂಟೆಗಟ್ಟಲೆ ಕಾಯಬೇಕಿದ್ದ ಕಾಲ. ಆಮೇಲೆ ಪರೀಕ್ಷೆ ಬರೆದು ಮೇಲೇರಿ, ಎಕ್ಸ್‌ಚೇಂಜಿನ ದೊಡ್ಡ ಕುರ್ಚಿಯಿಂದಲೇ ನಿವೃತ್ತರಾದರು. ಆದರೆ ಬಾಯಿ ಮಾತ್ರ ಟ್ರಂಕ್ ಬೋರ್ಡಿನಲ್ಲೇ ಉಳಿದಿತ್ತು. ಆಪರೇಟರುಗಳು ಒಬ್ಬರನ್ನೊಬ್ಬರು ಊರಿನ ಹೆಸರಿನಿಂದ ಕರೆಯುವ ಪದ್ಧತಿಯಂತೆ. ಇವರು ಅದನ್ನು ಮನೆಯೊಳಕ್ಕೂ ತಂದಿದ್ದರು. ನಾನು 'ಕುರುಗೋಡು'. ಬಾಮೈದ 'ಸಿರುಗುಪ್ಪ'. ವೈರು, ಸ್ವಿಚ್ಚು ಕೊಡುವ ಅಂಗಡಿಯ ಭಾಯಿ 'ಬ್ರೂಸ್‌ಪೇಟೆ'. ಹಾಲಿನವನು ದೂರದ ಹಳ್ಳಿಯವನಾದ್ದರಿಂದ ಅವನೊಡನೆ ಅಷ್ಟೇ ದೂರಕ್ಕೆ ಕೇಳಿಸುವಂತೆ ಕೂಗಿ ಮಾತಾಡುತ್ತಿದ್ದರು. ಹೆಂಡತಿಯನ್ನು ಮಾತ್ರ 'ಲೋಕಲ್' ಎನ್ನುತ್ತಿದ್ದರು. ಯಾಕೆಂದು ಕೇಳಿದ್ದಕ್ಕೆ, "ಲೋಕಲ್ ಕಾಲಿಗೆ ಮಿನಿಟಿನ ಲೆಕ್ಕ ಇಲ್ಲಪಾ. ಹಿಡಿದ್ರ ಬಿಡೋ ಮಾತಿಲ್ಲ" ಎಂದರು. ಹೆಂಡತಿ, ನಾನು ಅಮ್ಮಾರು ಎನ್ನುವವರು, ಒಳಗಿನಿಂದ, "ಆ ಕಡೆ ಎತ್ತೋರ ಇಲ್ಲ, ಅದಕ್ಕ ರಿಂಗ್ ಆಗ್ತಾನ ಇರ್ತೈತಿ ಅನ್ನು ತಮ್ಮಾ" ಎಂದರು.

ಅಮ್ಮಾರ ತವರು ಸಿರುಗುಪ್ಪ. ಮದುವೆಯಾದ ಹೊಸದರಲ್ಲಿ ಸಾಹೇಬರು ಹೆಂಡತಿಗೆ, "ಸರ್ವೆ ಆಗೇತಿ, ಮುಂದಿನ ಪಂಚಮಿಗೆ ರೈಲಿನ್ಯಾಗ ತವರಿಗೆ ಹೋಗ್ತಿ" ಎಂದು ಮಾತು ಕೊಟ್ಟಿದ್ದರಂತೆ. ಸರ್ವೆ ಆಗಿದ್ದು ಖರೆಯೋ ಸುಳ್ಳೋ, ಪಂಚಮಿಗಳು ಬಂದವು ಹೋದವು, ರೈಲು ಮಾತ್ರ ಬರಲಿಲ್ಲ. ಪ್ರತಿ ವರ್ಷ ಅಮ್ಮಾರ ತಮ್ಮ ಜೀಪು ತಂದು ಅಕ್ಕನನ್ನು ಕರೆದುಕೊಂಡು ಹೋಗುತ್ತಿದ್ದ. ಕೂದಲು ನೆರೆತ ಮೇಲೂ ಅದು ತಪ್ಪಿರಲಿಲ್ಲ. ಮದುವೆಯಲ್ಲಿ ಅವನಿನ್ನೂ ಸಾಲಿ ಹುಡುಗ. ಭಾವ ಅವನಿಗೆ ಕೀಲಿ ಕೊಡುವ ತಗಡಿನ ರೈಲು ತಂದುಕೊಟ್ಟಿದ್ದರು. ಅಲ್ಲಿಂದ ಹತ್ತಿದ ರೋಗ. ದೊಡ್ಡವನಾಗಿ ಅಕ್ಕಿ ಗಿರಣಿಯ ಮಾಲೀಕನಾದ ಮೇಲೂ ವಾಸಿಯಾಗಲಿಲ್ಲ.

ಇಬ್ಬರೂ ಸೇರಿ ಹಾಕಿಕೊಂಡ ಯೋಜನೆ ಇಷ್ಟು: ಬಳ್ಳಾರಿಯಿಂದ ನಡುವಿನ ತನಕ ಭಾವ ಕಟ್ಟುವುದು, ಅಲ್ಲಿಂದ ಸಿರುಗುಪ್ಪದವರೆಗೆ ಬಾಮೈದ ತನ್ನ ಗಿರಣಿಯ ಗೋದಾಮಿನಲ್ಲಿ ಕಟ್ಟಿ ತರುವುದು, ಎರಡನ್ನೂ ಪಾರ್ವತಿನಗರದ ಮಾಳಿಗೆಯ ಮೇಲೆ ಕೂಡಿಸುವುದು. ಎರಡು ತಲೆ ಕೆಲಸ ಹಂಚಿಕೊಂಡರೆ ಆಗುವುದೇ ಇಲ್ಲೂ ಆಯಿತು. ಭಾವ ನೀಲಿ ಡಬ್ಬಿ ಕೊಂಡಿದ್ದರು, ಬಾಮೈದ ಕೆಂಪು ಡಬ್ಬಿ ತರಿಸಿದ.

ಡಬ್ಬಿ ಎಂದರೆ ಏನೆಂದು ಹೇಳಬೇಕು. ಈ ರೈಲುಗಳಲ್ಲಿ ಹಳಿಯೊಳಗೆ ಬರೀ ಕರೆಂಟು ಹರಿಯುವುದಿಲ್ಲ, ಅದರ ಜೊತೆಗೆ ಅಪ್ಪಣೆಯೂ ಹರಿಯುತ್ತದೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲಿ ಉಗುರಿನಷ್ಟು ಒಂದು ಚಿಪ್ಪು, ಅದಕ್ಕೊಂದು ನಂಬರು. ಡಬ್ಬಿಯಲ್ಲಿ ಏಳು ಒತ್ತಿ ಗುಂಡಿ ತಿರುಗಿಸಿದರೆ ಏಳನೇ ನಂಬರಿನ ಎಂಜಿನ್ನು ಮಾತ್ರ ಹೊರಡುತ್ತದೆ. ಉಳಿದವು ಕೇಳಿಯೂ ಕೇಳದಂತೆ ನಿಂತಿರುತ್ತವೆ. ಕಚೇರಿಯಲ್ಲಿ ಮ್ಯಾನೇಜರು ಒಬ್ಬರನ್ನು ಕರೆದಾಗ ನಾವು ಇರುವಂತೆ. ಈ ಡಬ್ಬಿಗಳನ್ನು ಬೇರೆ ಬೇರೆ ಕಂಪನಿಗಳು ಮಾಡುತ್ತವೆ. ಎರಡರ ಅಪ್ಪಣೆಯೂ ಎಂಜಿನ್ನಿಗೆ ತಿಳಿಯುತ್ತದೆ. ಆದರೆ ಡಬ್ಬಿಗೆ ಡಬ್ಬಿ ಮಾತಾಡುವುದಿಲ್ಲ. ನೀಲಿಯದರ ವೈರು ಕೆಂಪಿನದಕ್ಕೆ ಕೂರುವುದೂ ಇಲ್ಲ.

ನೀಲಿ ಡಬ್ಬಿ ಹಳೆಯದು. ಹೊರದೇಶದಲ್ಲಿದ್ದ ಸಹೋದ್ಯೋಗಿಯ ಮಗನಿಂದ ತರಿಸಿದ್ದು. ಸಾಹೇಬರು ಅದರ ಮೇಲೆ ಕುಂಕುಮದ ಬೊಟ್ಟು ಇಟ್ಟಿದ್ದರು. ಕೆಂಪು ಡಬ್ಬಿ ಹೊಸದು. ಆಗ ನಮ್ಮ ಕಡೆಯ ಮಂದಿ ಅದಿರಿನ ವ್ಯಾಪಾರಕ್ಕೆಂದು ಹೊಸಪೇಟೆಗೆ ಹೋದಷ್ಟು ಸಲೀಸಾಗಿ ಹಾಂಗ್‌ಕಾಂಗಿಗೆ ಹೋಗಿ ಬರುತ್ತಿದ್ದರು. ಬಾಮೈದನ ಸಾಲಿ ಗೆಳೆಯನೊಬ್ಬ ಅಂಥವನು. ಅವನ ಕೈಯಲ್ಲಿ ತರಿಸಿದ್ದು. ಬಾಮೈದ ಮಾತ್ರ ಅದಿರಿಗೆ ಕೈ ಹಾಕಿದವನಲ್ಲ. ಆಚೀಚೆಯವರು ಭತ್ತದ ಲಾರಿಗಳನ್ನು ಅದಿರಿಗೆ ಓಡಿಸಿದಾಗಲೂ, "ನಾವು ಉಣ್ಣೋದು ಮಾರೋ ಮಂದಿ" ಎಂದು ಗಿರಣಿ ಬಿಟ್ಟು ಕದಲಿರಲಿಲ್ಲ. ಅದೊಂದೇ ಅವನ ಜಂಬ. ಇದನ್ನು ನೆನಪಿಟ್ಟುಕೊಳ್ಳಬೇಕು.

ಯುಗಾದಿಯ ಮರುದಿನ ಸಿರುಗುಪ್ಪ ಬಂತು, ಅಕ್ಕಿ ಲಾರಿಯಲ್ಲಿ, ತಾಡಪಾಲು ಹೊದ್ದುಕೊಂಡು. ಅದರ ಹಲಗೆಗಳನ್ನು ಕುರುಗೋಡಿನಿಂದ ಗೋಡೆಯ ಗುಂಟ ತಿರುಗಿಸಿ ಇಟ್ಟೆವು. ಹಲ್ಲುಜ್ಜುವ ಬ್ರಷ್ಷಿನ ಎಳೆಗಳಲ್ಲಿ ನಾಟಿ ಮಾಡಿದ ಗದ್ದೆ, ಕನ್ನಡಿ ಚೂರಿನ ಕಾಲುವೆ, ಬೀಡಿ ಕಟ್ಟಿನಷ್ಟು ಗಿರಣಿ. ಸರಕಿನ ಬೋಗಿಗಳಲ್ಲಿ ನಿಜವಾದ ನುಚ್ಚಕ್ಕಿ. ಸಾಹೇಬರ ಬೋಗಿಗಳಲ್ಲಿ ನಿಜವಾದ ಅದಿರು. ಅದಕ್ಕಾಗಿ ಅವರು ಎಲ್ಲಿಗೂ ಹೋಗಬೇಕಿರಲಿಲ್ಲ, ಅಂಗಳ ಗುಡಿಸಿದರೆ ಸಾಕಿತ್ತು. ಮಧ್ಯಾಹ್ನದೊಳಗೆ ಇರುವೆಗಳು ಸಿರುಗುಪ್ಪದ ಸರಕನ್ನು ಹೊತ್ತುಕೊಂಡು ಬಳ್ಳಾರಿ ಕೋಟೆಯ ಕಡೆ ಸಾಲು ಹಿಡಿದಿದ್ದವು. "ನೋಡ್ರಿ ಬಾವಾ, ರೈಲು ಕೂಡಸೋದ್ರಾಗ ಇರಿವಿ ಲೈನು ಹಾಕ್ಯಾವ" ಎಂದು ಬಾಮೈದ ನಕ್ಕ. ಒಳ್ಳೆಯ ದಿನ ಅದು. ಅಮ್ಮಾರು ಮಂಡಾಳು ಒಗ್ಗರಣೆ, ಮಿರ್ಚಿ ಮಾಡಿ ಮೇಲೆಯೇ ತಂದುಕೊಟ್ಟರು.

"ಎರಡು ಎಕ್ಸ್‌ಚೇಂಜ್ ಕೂಡಸೋದು ನನಗೇನು ಹೊಸಾದಲ್ಲ" ಎಂದು ಸಾಹೇಬರು ತೋಳಿಲ್ಲದ ಬನಿಯನ್ನಿನ ತೋಳು ಮಡಚುವಂತೆ ಮಾಡಿದರು. ಎರಡು ಡಬ್ಬಿಗಳ ಕರೆಂಟು ಒಂದಕ್ಕೊಂದು ತಾಗಬಾರದು. ಅದಕ್ಕೆ ಕುರುಗೋಡಿನ ಗಡಿಯಲ್ಲಿ ಎರಡೂ ಹಳಿಗಳನ್ನು ಕೂದಲಿನಷ್ಟು ಕತ್ತರಿಸಬೇಕಿತ್ತು. ಸಾಹೇಬರು ಒಂದನ್ನೇ ಕತ್ತರಿಸಿದರು. ಟೆಲಿಫೋನಿನಲ್ಲಿ ಒಂದು ತಂತಿ ಕತ್ತರಿಸಿದರೆ ಲೈನು ಸತ್ತಂತೆ, ಎರಡನೆಯದನ್ನು ಯಾರು ಮುಟ್ಟುತ್ತಾರೆ? ಸ್ವಿಚ್ಚು ಹಾಕಿದ ಕೂಡಲೇ ಎರಡೂ ಡಬ್ಬಿಗಳು ಕೀ ಎಂದು ಕೂಗಿ ಬಾಯಿ ಮುಚ್ಚಿದವು.

"ನಿನ್ನ ಡಬ್ಬಿ ಅರಚತೈತಲೇ ಸಿರುಗುಪ್ಪ."

"ನಿಮ್ಮದೂ ಅರಚತೈತ್ರಿ."

"ನಂದು ನಿಂದನ್ನ ನೋಡಿ ಅರಚತೈತಿ."

ಎರಡನೇ ಹಳಿಯನ್ನೂ ಕತ್ತರಿಸಿ ಮತ್ತೆ ಶುರು ಮಾಡಿದರು. ಬಾಮೈದನ ಅಚ್ಚುಮೆಚ್ಚಿನ ಹಸಿರು ಎಂಜಿನ್ನನ್ನು ಬಳ್ಳಾರಿಯಿಂದ ಬಿಟ್ಟರು. ಸಾಹೇಬರ ಕೈಯಲ್ಲಿ ನೀಲಿ, ಆಚೆ ಬಾಮೈದನ ಕೈಯಲ್ಲಿ ಕೆಂಪು. ಗಾಡಿ ಕುರುಗೋಡಿನ ಗಡಿಯಲ್ಲಿ ಚಿಟ್ಟೆಂದು ಒಂದು ಕಿಡಿ ಹಾರಿಸಿ ದಾಟಿತು. ನಾವು ಚಪ್ಪಾಳೆ ತಟ್ಟಿದೆವು. ಗಾಡಿ ಗದ್ದೆ ದಾಟಿತು, ಕಾಲುವೆ ದಾಟಿತು, ಸಿರುಗುಪ್ಪ ಸ್ಟೇಷನ್ನನ್ನೂ ದಾಟಿತು. ಇಬ್ಬರೂ ತಮ್ಮ ತಮ್ಮ ಡಬ್ಬಿಯಲ್ಲಿ ನಿಲ್ಲಿಸುವ ಗುಂಡಿ ಒತ್ತುತ್ತಲೇ ಇದ್ದರು. ಗಾಡಿ ಯಾರ ಮಾತನ್ನೂ ಕೇಳದೆ ಹಲಗೆಯ ತುದಿಯಿಂದ ನೆಗೆದು ನೆಲಕ್ಕೆ ಬಿತ್ತು.

ಕಾರಣ ಆಮೇಲೆ ತಿಳಿಯಿತು. ಎಂಜಿನ್ನು ಕೊನೆಗೆ ಕೇಳಿದ ಅಪ್ಪಣೆಯನ್ನೇ ಹಿಡಿದುಕೊಂಡು ಹೋಗುತ್ತಿರುತ್ತದೆ. ಗಡಿ ದಾಟಿದ ಮೇಲೆ ನೀಲಿ ಡಬ್ಬಿಯ ಕೂಗು ಅದಕ್ಕೆ ಮುಟ್ಟುವುದಿಲ್ಲ. ಕೆಂಪು ಡಬ್ಬಿಗೋ, ಆ ನಂಬರಿನ ಗಾಡಿ ತನ್ನ ಊರಿಗೆ ಬಂದಿದೆ ಎಂದು ಯಾರೂ ಹೇಳಿಯೇ ಇರಲಿಲ್ಲ. ಇಬ್ಬರೂ ಗುಂಡಿ ಒತ್ತಿದ್ದು ಖರೆ, ಇಬ್ಬರದೂ ತಪ್ಪಿಲ್ಲ. ತಪ್ಪಿಲ್ಲದ ಇಬ್ಬರು ಜಗಳವಾಡಿದರೆ ಅದಕ್ಕೆ ಕೊನೆ ಎಲ್ಲಿ?

"ನಾ ನಿಲ್ಲಸೀನಿ."

"ನಾನೂ ನಿಲ್ಲಸೀನ್ರಿ ಬಾವಾ. ನಿಮ್ಮದು ಮುದಿ ಡಬ್ಬಿ."

"ಮುದೀದಾದ್ರೂ ಮರ್ಯಾದಿಂದ ಬಂದದ್ದು. ಅದಿರು ಮಣ್ಣಿನ ರೊಕ್ಕದ ಮಂದಿ ಹಿಂದ ಬಂದ ಡಬ್ಬಿ ಇಷ್ಟ ಮಾತು ಕೇಳೋದು."

ಬಾಮೈದ ಮುರಿದ ಎಂಜಿನ್ನನ್ನು ಎತ್ತಿ ಕರವಸ್ತ್ರದಲ್ಲಿ ಸುತ್ತಿದ. ಕೆಂಪು ಡಬ್ಬಿಯ ವೈರು ಕಿತ್ತು ಬಗಲಲ್ಲಿ ಇಟ್ಟುಕೊಂಡ. ಕೆಳಗೆ ಅಮ್ಮಾರು ಎಲೆ ಹಾಕಿದ್ದರು. "ಹಸಿವಿಲ್ಲ ಅಕ್ಕಾ" ಎಂದು ಚಪ್ಪಲಿ ಮೆಟ್ಟಿದ. ಹೋಳಿಗೆಯ ಊಟ ಬಿಟ್ಟು ಹೋದ ಮನುಷ್ಯ ಮತ್ತೆ ಬರುವುದು ಕಷ್ಟವೆಂದು ನನಗೂ ಗೊತ್ತಾಯಿತು.

ಸಿರುಗುಪ್ಪದ ಹಲಗೆಗಳು ಮಾಳಿಗೆಯ ಮೇಲೇ ಉಳಿದವು, ಜೀವವಿಲ್ಲದೆ. ಕುರುಗೋಡು ಕೊನೆಯ ಸ್ಟೇಷನ್ನಾಯಿತು. "ನಿಮ್ಮೂರು ಟರ್ಮಿನಸ್ ಆತು ನೋಡು, ಪಾರ್ಟಿ ಕೊಡು" ಎಂದು ಸಾಹೇಬರು ನಗಿಸಲು ನೋಡಿದರು. ಆದರೆ ಗಾಡಿ ಬಿಡುವಾಗ ಅವರ ಕಣ್ಣು ಆಚೆ ಹಲಗೆಯ ಮೇಲೇ ಇರುತ್ತಿತ್ತು. ದಿನಕ್ಕೆ ಎರಡು ಸಲವಾದರೂ ಫೋನಿನ ಹತ್ತಿರ ಹೋಗಿ, ಡಯಲ್ ಟೋನ್ ಇದೆಯೇ ಎಂದು ನೋಡಿ ಇಟ್ಟುಬಿಡುತ್ತಿದ್ದರು. ಊರಿನ ಮಂದಿಯನ್ನೆಲ್ಲ ಮೂವತ್ತು ವರ್ಷ ಕೂಡಿಸಿದ ಮನುಷ್ಯನಿಗೆ ಒಂದು ನಂಬರು ಒತ್ತುವುದು ಆಗಲಿಲ್ಲ.

ಆಷಾಢ ಮುಗಿಯುತ್ತ ಬಂದಾಗ ಅಮ್ಮಾರು ಮುಷ್ಕರ ಹೂಡಿದರು. ಅದನ್ನು ತಿಳಿಯಲು ಹಳಿ ಒರೆಸುವ ಶಾಸ್ತ್ರ ತಿಳಿಯಬೇಕು. ಕೆಂಪು ದೂಳು ಹಳಿಯ ಮೇಲೆ ಕೂತರೆ ಕರೆಂಟೂ ಹೋಗುವುದಿಲ್ಲ, ಅಪ್ಪಣೆಯೂ ಹೋಗುವುದಿಲ್ಲ, ಗಾಡಿ ತೊದಲುತ್ತದೆ. ದಿನವೂ ಹಳೆಯ ನೂಲಿನ ಸೀರೆಯ ತುಂಡಿನಿಂದ ಒರೆಸಬೇಕು. ಆ ಸೀರೆಗಳು ಅಮ್ಮಾರವು. ಪಂಚಮಿಗೆ ತಮ್ಮ ಒಂದು ಹೊಸ ಸೀರೆ ಉಡಿಸಿದರೆ, ಅವರು ಒಂದು ಹಳೆಯದನ್ನು ಹರಿದು ಮಾಳಿಗೆಗೆ ಕೊಡುತ್ತಿದ್ದರು. ಒಂದು ದಿನ ಸಾಹೇಬರು ಬಟ್ಟೆ ಕೇಳಿದಾಗ ಅಮ್ಮಾರು ಶೇಂಗಾ ಹುರಿಯುತ್ತ ಹೇಳಿದರು:

"ಇಲ್ಲ."

"ಇಲ್ಲಂದ್ರ?"

"ಹೊಸಾದು ಬಂದ್ರ ಹಳೇದು ಹರೀಬೇಕು. ಈ ಸಲ ಹೊಸಾದು ಎಲ್ಲಿಂದ ಬರಬೇಕು?"

ಸಾಹೇಬರು ತಮ್ಮ ಬನಿಯನ್ ಹರಿದು ಒರೆಸಿದರು. ಅದರ ಎಳೆಗಳು ಗಾಲಿಗೆ ಸುತ್ತಿಕೊಂಡವು. ಪಂಚೆಯ ತುದಿ ನೋಡಿದರು. ನನ್ನ ಕರವಸ್ತ್ರ ಹೋಯಿತು. ಒಂದು ವಾರದಲ್ಲಿ ಬಳ್ಳಾರಿಯಿಂದ ಕುರುಗೋಡಿಗೆ ಹೋಗುವಷ್ಟರಲ್ಲಿ ಗಾಡಿ ಎಷ್ಟು ಸಲ ನಿಂತಿತು ಎಂಬುದಕ್ಕೆ ಡೈರಿಯಲ್ಲಿ ಗೀಟು ಹಾಕಲು ಜಾಗವಿಲ್ಲ. ಕೊನೆಗೆ ನನ್ನನ್ನು ಕರೆದು, "ಕುರುಗೋಡು, ಸಿರುಗುಪ್ಪಕ್ಕ ಒಂದು ಕಾಲ್ ಹಾಕು. ನೀನ ಮಾತಾಡು. ಕೆಂಪು ಡಬ್ಬಿ ಬೇಕು ಅನ್ನು. ಕೂಡಸೋ ದಾರಿ ಹೊಳೆದೈತಿ, ಪರೀಕ್ಷಾ ಮಾಡಬೇಕು" ಎಂದರು. ತಾವು ಬಾಗಿಲ ಮರೆಯಲ್ಲಿ ನಿಂತರು.

ಬಾಮೈದ ಫೋನೆತ್ತಿದ. ವಿಷಯ ಹೇಳಿದೆ.

"ಅವ್ರೆಲ್ಲಿ ಅದಾರ?"

ಸಾಹೇಬರ ಮುಖ ನೋಡಿದೆ. "ಎಂಗೇಜ್ ಅದೀನಿ ಅನ್ನು" ಎಂದು ಪಿಸುಗುಟ್ಟಿದರು. ಆ ಪಿಸುಮಾತು ಟ್ರಂಕ್ ಬೋರ್ಡಿನದು, ಸಿರುಗುಪ್ಪದವರೆಗೆ ಕೇಳಿಸುವಂಥದ್ದು.

"ಕೇಳಿಸ್ತು ಬಿಡ್ರಿ" ಎಂದ ಬಾಮೈದ. "ಡಬ್ಬಿ ಬೇಕಾದ್ರ ಒಯ್ಯಲಿ. ಮುಂಜಾನಿ ಬಸ್ಸಿಗೆ ಇಡ್ತೀನಿ. ನಾ ಮಾತ್ರ ಬರಾಂಗಿಲ್ಲ. ನಮ್ಮಕ್ಕ ಹೆಂಗದಾಳ?"

"ಪಂಚಮಿಗೆ ಶೇಂಗಾ ಉಂಡಿ ಕಟ್ಟಾಕತ್ಯಾರ್ರಿ."

ಆ ಕಡೆ ಲೈನು ಕಟ್ಟಾಯಿತು.

ಮರುದಿನ ಸಿರುಗುಪ್ಪ ಬಸ್ಸಿನ ಡ್ರೈವರು ಗೋಣಿ ತಾಟಿನಲ್ಲಿ ಹೊಲಿದ ಡಬ್ಬಿ ಕೊಟ್ಟ. ಸಾಹೇಬರಿಗೆ ಹೊಳೆದ ದಾರಿ ಇದು: ಗಡಿ ಎಂಬುದು ಗೀಟಾಗಿರಬಾರದು, ಒಂದು ಇಡೀ ಸ್ಟೇಷನ್ನಾಗಿರಬೇಕು. ಕುರುಗೋಡಿನ ಹಳಿಯನ್ನು ಎರಡೂ ತುದಿಯಲ್ಲಿ ಕತ್ತರಿಸಿ ಯಾರದ್ದೂ ಅಲ್ಲದಂತೆ ಮಾಡಬೇಕು. ಅದಕ್ಕೊಂದು ಸ್ವಿಚ್ಚು. ಈ ಕಡೆ ಒತ್ತಿದರೆ ಕುರುಗೋಡು ನೀಲಿ ಡಬ್ಬಿಗೆ, ಆ ಕಡೆ ಒತ್ತಿದರೆ ಕೆಂಪಿಗೆ. ಗಾಡಿ ಪೂರ್ತಿ ಒಳಗೆ ಬಂದು ನಿಂತ ಮೇಲೇ ಕೈ ಬದಲಾಗಬೇಕು. ನಾವಿಬ್ಬರೂ ಬ್ರೂಸ್‌ಪೇಟೆಗೆ ಹೋದೆವು.

"ಎರಡು ಕಡಿ ಬೀಳೋ ಸ್ವಿಚ್ಚು, ನಡುವ ನಿಲ್ಲೋದು ಬೇಕು" ಎಂದರು ಸಾಹೇಬರು.

ಭಾಯಿ ಡ್ರಾಯರು ತಡಕಿ ಒಂದು ತೆಗೆದ. "ನಡುವ ನಿಂತ್ರ ಎರಡೂ ಕಡಿ ಕರೆಂಟ್ ಬರಂಗಿಲ್ಲ ಸಾಬ್, ನೋಡಕೋರಿ. ನಮ್ಮ ಮನ್ಯಾಗ ಅತ್ತಿ ಸೊಸಿ ನಡುವ ನಾ ನಿಂತಂಗ."

ಕುರುಗೋಡಿನ ಸ್ವಿಚ್ಚು ಕುರುಗೋಡಿನವನ ಕೈಗೇ ಬಂತು. ಕೆಂಪು ಡಬ್ಬಿಯನ್ನೂ ನಾನೇ ಹಿಡಿದೆ. ಆದರೂ ಗಾಡಿ ಕುರುಗೋಡಿಗೆ ಬಂದು ನಿಂತದ್ದು ಅಲ್ಲಿಂದ ಅಲುಗಲಿಲ್ಲ. ಸ್ವಿಚ್ಚು ಸರಿ, ಹಳಿ ಸರಿ. ಸಾಹೇಬರು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ನಿನ್ನ ಡಬ್ಬಿಗೆ ಯಾವ ನಂಬರ್ ಕೊಟ್ಟೀ?" ಎಂದರು.

"ನೀವು ಹೇಳಲೇ ಇಲ್ಲಲ್ರೀ."

ಅವರು ನೀಲಿ ಡಬ್ಬಿಯನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು. ಆಮೇಲೆ ಹೇಳಿದರು: "ಟ್ರಂಕ್ ಬೋರ್ಡಿನ್ಯಾಗ ಮೊದಲ್ನೇ ಪಾಠ ಇದ. ಈ ಕಡಿ ಆಪರೇಟರು ಆ ಕಡಿ ಆಪರೇಟರ್ ಕೂಡ ಮೊದ್ಲು ಮಾತಾಡಬೇಕು. ಸಿರುಗುಪ್ಪ, ಇಂಥಾ ನಂಬರ್ ಬರಾಕತ್ತೈತಿ, ಹಿಡಿ ಅನ್ನಬೇಕು. ಅವ ಹಿಡಿದೀನಿ ಅಂದ ಮ್ಯಾಲ ನಾವು ಬಿಡಬೇಕು. ಡಬ್ಬಿ ಡಬ್ಬಿ ಮಾತಾಡಬೇಕಂತ ನಾ ತಿಂಗಳಗಟ್ಲೆ ತಂತಿ ಹುಡುಕೀನಿ. ಡಬ್ಬಿ ಹಿಡಿದೋರು ಮಾತಾಡಿದ್ರ ಸಾಕಿತ್ತು."

ಮತ್ತೆ ಶುರು ಮಾಡಿದೆವು. ಕೆಂಪು ಡಬ್ಬಿ ಹಿಡಿದ ನಾನೇ ಈಗ ಸಿರುಗುಪ್ಪ. "ಸಿರುಗುಪ್ಪ, ಏಳನೇ ನಂಬರ್ ಕುರುಗೋಡಿನ್ಯಾಗ ನಿಂತೈತಿ. ಹಿಡೀತೀಯೇನು?" ನಾನು ಏಳು ಒತ್ತಿ, "ಹಿಡಿದೀನ್ರಿ" ಎಂದೆ. "ಬಿಟ್ಟೀನಿ" ಎಂದರು. ಸ್ವಿಚ್ಚು ಒತ್ತಿ ಗುಂಡಿ ತಿರುಗಿಸಿದೆ. ಪ್ಯಾಸೆಂಜರು ಬೆಟ್ಟ ಬಳಸಿ, ಗದ್ದೆಯ ಪಕ್ಕ ಹಾದು, ಸಿರುಗುಪ್ಪ ಸ್ಟೇಷನ್ನಿನಲ್ಲಿ, ಫಲಕದ ಎದುರಿಗೇ, ಮೆಲ್ಲಗೆ ನಿಂತಿತು.

ಅಮ್ಮಾರು ಯಾವಾಗ ಮೇಲೆ ಬಂದಿದ್ದರೋ. ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅಂತೂ ಸಿರುಗುಪ್ಪಕ್ಕ ಹೋತು" ಎಂದರು.

"ಹೋತು ನೋಡು" ಎಂದರು ಸಾಹೇಬರು, ಮೀಸೆಯಲ್ಲಿ ನಗುತ್ತ.

"ನಾ ಯಾವಾಗ ಹೋಗ್ಲಿ?"

ಮೀಸೆ ಇಳಿಯಿತು. "ನಾಳೆ ಬಸ್ಸಿಗೆ ನಾನ ಕುಂದ್ರಸ್ತೀನಿ."

"ಕರಿಯಾಕ ಬರದ ತವರಿಗೆ ಬಸ್ಸಿನ್ಯಾಗ ಹೋಗಾಕ ನಾನೇನು ಪಾರ್ಸೆಲ್ಲ?" ಎಂದು ಅಮ್ಮಾರು ಇಳಿದು ಹೋದರು. ಇಳಿಯುವಾಗ ಮೊಣಕಾಲಿಗೆ ಕೈ ಊರಿ ಒಂದೊಂದೇ ಮೆಟ್ಟಿಲು ಇಳಿದರು.

ಸಾಹೇಬರು ಫೋನಿನ ಹತ್ತಿರ ಹೋದರು. ಈ ಸಲ ಡಯಲ್ ಟೋನ್ ಕೇಳಿ ಇಡಲಿಲ್ಲ. ನಂಬರು ಒತ್ತಿದರು. ನಾನು ಕೋಣೆಗೆ ಹೋಗಬೇಕಿತ್ತು, ಹೋಗಲಿಲ್ಲ. ಅವರ ದನಿ ಎಂದಿನಷ್ಟು ದೊಡ್ಡದಾಗಿರಲಿಲ್ಲ, ಆದರೆ ಆ ಕಡೆಯವನು ಅಕ್ಕಿ ಗಿರಣಿಯ ಗದ್ದಲದ ನಡುವೆ ಕೂಗಿ ಮಾತಾಡುವವನಾದ್ದರಿಂದ ಎರಡೂ ಕಡೆ ಕೇಳಿಸಿತು.

"ಸಿರುಗುಪ್ಪ, ಬಳ್ಳಾರಿ ಮಾತಾಡಾಕತ್ತೀನಿ."

ಆ ಕಡೆ ಗಿರಣಿ ಗುಡುಗುತ್ತಿತ್ತು. ಸಾಹೇಬರೇ ಮುಂದುವರಿಸಿದರು:

"ಇಲ್ಲೊಂದು ಗಾಡಿ ನಿಂತೈತಿ. ಲೈನ್ ಕ್ಲಿಯರ್ ಐತೇನು?"

"ಯಾವ ಗಾಡಿ?"

"ಪಂಚಮಿ ಸ್ಪೆಷಲ್. ವರ್ಷಕ್ಕೊಮ್ಮೆ ಬಿಡೋದು. ಉಂಡಿ ಡಬ್ಬಿ ಹೇರಿಕೊಂಡು ತಯಾರಾಗೈತಿ."

ಆ ಕಡೆ ಯಾರೋ ಗಿರಣಿ ನಿಲ್ಲಿಸಿದರು.

"ವೇಗ ಎಷ್ಟು ಇಡಬೇಕ್ರಿ?"

"ನಿಧಾನ ಇಡು. ಮೊಣಕಾಲು ನೋವೈತಿ." ಆಮೇಲೆ, "ಮತ್ತ ಅವತ್ತು ನಾ ಮಣ್ಣಿನ ಮಾತಾಡಿದ್ದು... ಅದು ಕಟ್ ಮಾಡಬೇಕಾಗಿದ್ದ ಲೈನು. ಒಂದು ತಂತಿನೂ ಬಿಡದಂಗ" ಎಂದರು.

"ಆತು ಬಿಡ್ರಿ ಬಾವಾ. ಹಿಡಿದೀನಿ."

"ಬಿಟ್ಟೀನಿ" ಎಂದು ಸಾಹೇಬರು ಫೋನಿಟ್ಟರು.

ಅಡಿಗೆ ಮನೆಯಿಂದ ಅಮ್ಮಾರ ದನಿ ಬಂತು: "ಯಾರಿಗ್ರೀ ಗಾಡಿ ಅಂದಿದ್ದು?"

ಪಂಚಮಿಯ ಹಿಂದಿನ ದಿನ ಜೀಪು ಬಂತು. ಬಾಮೈದ ಮೊದಲು ಮಾಳಿಗೆಗೆ ಹತ್ತಿ, ರಿಪೇರಿಯಾದ ಹಸಿರು ಎಂಜಿನ್ನನ್ನು ಕೆಂಪು ಡಬ್ಬಿ ಹಿಡಿದು ಸಿರುಗುಪ್ಪದಿಂದ ಕುರುಗೋಡಿಗೆ ಓಡಿಸಿ ತಂದು ಭಾವನಿಗೆ ಒಪ್ಪಿಸಿ, ಆಮೇಲೆ ಅಕ್ಕನ ಚೀಲ ಎತ್ತಿಕೊಂಡ. ಅಮ್ಮಾರು ಜೀಪಿನಲ್ಲಿ ಕೂತ ಮೇಲೆ ಬಾಮೈದ ಎಂಜಿನ್ ಶುರು ಮಾಡಿ, ಗೇಟಿನತ್ತ ನೋಡಿ, "ಹಿಡಿದೀನ್ರಿ" ಎಂದ. ಸಾಹೇಬರು ಗೇಟಿನ ಕಂಬಕ್ಕೆ ಒರಗಿ "ಬಿಟ್ಟೀನಿ" ಎಂದರು. ಜೀಪು ಹೊರಟಿತು. ಅಲ್ಲಿಂದ ಅದೇ ಪದ್ಧತಿಯಾಯಿತು. ಮುಂದಿನ ವರ್ಷ ಆ ಮಾತು ಆಗುವವರೆಗೆ ಬಾಮೈದ ಗೇರ್ ಹಾಕಲಿಲ್ಲ. ಮಾಳಿಗೆಗೆ ಹಳೇ ಸೀರೆಯ ತುಂಡೂ ತಪ್ಪದೆ ಬಂತು.

ಮೊನ್ನೆ ಪಂಚಮಿಯ ಹಿಂದಿನ ದಿನ ಜೀಪು ಬಂದಾಗ ನಾನು ಕಚೇರಿಗೆ ರಜೆ ಹಾಕಿದ್ದೆ. ಬಾಮೈದ ಮಾಳಿಗೆಗೆ ಹತ್ತಲಿಲ್ಲ. ಅಕ್ಕನ ಚೀಲ ಹಿಂದೆ ಇಟ್ಟ, ಅಕ್ಕನನ್ನು ಕೈ ಹಿಡಿದು ಹತ್ತಿಸಿದ, ಎಂಜಿನ್ ಶುರು ಮಾಡಿದ. ರೂಢಿಯಂತೆ ಗೇಟಿನತ್ತ ತಿರುಗಿ, "ಹಿಡಿದೀನ್ರಿ" ಎಂದುಬಿಟ್ಟ. ಗೇಟಿನ ಕಂಬದ ಹತ್ತಿರ ಯಾರೂ ಇರಲಿಲ್ಲ. ಅವನ ಕೈ ಗೇರಿನ ಮೇಲೆ ಹಾಗೇ ನಿಂತಿತು. ಜೀಪು ಗುರುಗುಟ್ಟುತ್ತ ಅಲ್ಲೇ ಇತ್ತು. ನನ್ನ ಬಾಯಿಗೆ ಆ ಮಾತು ಬಂದಿತ್ತು, ಆದರೆ ಅದು ನಾನು ಆಡುವ ಮಾತಲ್ಲ.

ಅಮ್ಮಾರು ಸೆರಗು ಸರಿಮಾಡಿಕೊಂಡು, ಮುಂದೆ ದಾರಿಯನ್ನೇ ನೋಡುತ್ತ ಹೇಳಿದರು:

"ಅವ್ರು ಬಿಟ್ಟಾರ. ನೀ ಹಿಡಿಯಲೇ ತಮ್ಮಾ. ನಿಧಾನ ಹೋಗು, ಮೊಣಕಾಲು ನೋವೈತಿ."